ಮೊದಲ ಕಥಾಸಂಕಲನ: ಪ್ರಕಾಶಕರು 48,000 ಕೇಳ್ತಿದ್ದಾರೆ, ಕೊಡಲಾ ಬೇಡವಾ?

ಮಲೆನಾಡಮಳೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು, ವಯಸ್ಸು 46. ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹನ್ನೆರಡು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಬರೆದದ್ದು ಮೂವತ್ತಕ್ಕೂ ಜಾಸ್ತಿ, ಹನ್ನೊಂದು ಮಾತ್ರ ನಿಲ್ಲುತ್ತವೆ ಅಂತ ನನಗನ್ನಿಸಿದೆ. ಅದರಲ್ಲಿ ಮೂರು ಪತ್ರಿಕೆಗಳಲ್ಲಿ ಬಂದಿವೆ.

ಹೋದ ವಾರ ಒಬ್ಬ ಪ್ರಕಾಶಕರು ಫೋನ್ ಮಾಡಿದ್ದರು. "ನಿಮ್ಮ ಕಥೆ ಓದಿ ಕಣ್ಣಲ್ಲಿ ನೀರು ಬಂತು ಮೇಡಂ" ಅಂದರು. ಯಾವ ಕಥೆ ಅಂತ ಕೇಳಿದೆ. ಲೈನ್ ಸರಿಯಾಗಿ ಕೇಳಿಸುತ್ತಿಲ್ಲ ಅಂದರು.

ಅವರು ಹೇಳಿದ್ದು ಇಷ್ಟು. 128 ಪುಟ, ಡೆಮಿ ಸೈಜು, 500 ಪ್ರತಿ. ಮುಖಬೆಲೆ 160 ರೂಪಾಯಿ. ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಬೆಂಗಳೂರಿನಲ್ಲಿ ಬಿಡುಗಡೆ ಎಲ್ಲ ಅವರದ್ದೇ. ನಾನು 48,000 ಕೊಡಬೇಕು. ನನಗೆ 150 ಪ್ರತಿ ಕೊಡುತ್ತಾರೆ. ರಾಯಲ್ಟಿ ಎರಡನೇ ಮುದ್ರಣದಿಂದ.

ದುಡ್ಡು ಹೊಂದಿಸಬಹುದು, ಒಂದು ಆರ್‌ಡಿ ಮುಗಿಯುವುದರಲ್ಲಿದೆ. ಆದರೆ ಮನೆಯಲ್ಲಿ "ಅದೇ ದುಡ್ಡಿಗೆ ನೀನೇ ಪ್ರಿಂಟ್ ಮಾಡಿಸಬಹುದಲ್ವಾ" ಅಂತಾರೆ. ಗೆಳತಿ "ಸುಮ್ನೆ ಪ್ರತಿಲಿಪಿ ಆ್ಯಪಿಗೆ ಹಾಕು" ಅಂತಾಳೆ. ನನಗೆ ತಲೆ ಕೆಟ್ಟಿದೆ. ದಾರಿ ಗೊತ್ತಿರುವವರು ಹೇಳಿ.

ಓದುಗ_ಹಾಸನ

ಕೊಡಬೇಡಿ.

ಗದಗ_ಡಿಟಿಪಿ

ಮೇಡಂ, ನಾನು ಇಪ್ಪತ್ತೆರಡು ವರ್ಷದಿಂದ ಪುಟ ಕಟ್ಟುವವನು. ಹೋದ ತಿಂಗಳು ನನ್ನ ಕೈಯಿಂದಲೇ ಹೋದ 128 ಪುಟದ ಪುಸ್ತಕದ ಲೆಕ್ಕ ಹೇಳ್ತೀನಿ ಕೇಳ್ರಿ. ಲೇಖಕರೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದರು, ಹಾಗಾಗಿ ಪುಟಕ್ಕೆ ಬರೀ 15 ರೂಪಾಯಿ, ಒಟ್ಟು 1,920. ಮುಖಪುಟದ ಕಲಾವಿದರಿಗೆ 3,000. 500 ಪ್ರತಿಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಗೆ 62ರಂತೆ 31,000. ಎಲ್ಲ ಕೂಡಿಸಿದರೆ 36,000ದ ಒಳಗೇ ಮುಗೀತು. ಊರು, ಕಾಗದ, ಪ್ರೆಸ್ಸು ಬದಲಾದರೆ ಒಂದಿಷ್ಟು ಹೆಚ್ಚುಕಮ್ಮಿ ಆಗ್ತದ.

ಅಂದರೆ ಪೂರ್ತಿ ಪುಸ್ತಕದ ಖರ್ಚು ನಿಮ್ಮದೇ. ಮೇಲೆ 12,000 ಅವರ ಕಿಸೆಗೆ. ನಿಮಗೆ ಬಂದದ್ದು 150 ಪ್ರತಿ. 48,000ವನ್ನು 150ರಿಂದ ಭಾಗಿಸಿ ನೋಡ್ರಿ, ಒಂದು ಪ್ರತಿ 320ಕ್ಕೆ ಬಿತ್ತು. ಅಂಗಡಿಯಲ್ಲಿ ಅದೇ ಪುಸ್ತಕ 160ಕ್ಕೆ ಸಿಗ್ತದ.

ಇನ್ನೊಂದು. ಉಳಿದ 350 ಪ್ರತಿ ಅಚ್ಚಾಗ್ತಾವಾ ಅಂತ ಯಾರು ನೋಡೋರು? ಪುಸ್ತಕದ ಒಳಪುಟದಲ್ಲಿ "ಪ್ರತಿಗಳು: 500" ಅಂತ ಹಾಕೋದಕ್ಕೆ ಏನೂ ಖರ್ಚಿಲ್ಲ.

ಸಣ್ಣ_ಪ್ರಕಾಶಕ

ನಾನು ಪ್ರಕಾಶಕ, ಹಾಗಾಗಿ ಬೈಗುಳ ತಿನ್ನಲು ತಯಾರಾಗಿಯೇ ಬಂದಿದ್ದೇನೆ. ನಾನು ಲೇಖಕರಿಂದ ದುಡ್ಡು ತಗೊಳ್ಳುವುದಿಲ್ಲ. ಆದರೆ ತಗೊಳ್ಳುವವರೆಲ್ಲ ಕಳ್ಳರು ಅಂತ ಹೇಳುವುದಕ್ಕೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಈ ಧಂದೆಯ ಲೆಕ್ಕ ಹೀಗಿದೆ.

160 ರೂಪಾಯಿಯ 500 ಪುಸ್ತಕ ಅಂದರೆ ಮುಖಬೆಲೆಯಲ್ಲಿ 80,000. ಅಂಗಡಿಗೆ 40 ಪರ್ಸೆಂಟ್ ಬಿಡಬೇಕು, ನನಗೆ ಉಳಿದದ್ದು 48,000. ಅದರಲ್ಲಿ 36,000 ಖರ್ಚು ಕಳೆಯಿರಿ, 12,000. ಲೇಖಕರಿಗೆ 10 ಪರ್ಸೆಂಟ್ ರಾಯಲ್ಟಿ 8,000. ನನ್ನ ಪಾಲಿಗೆ ಬಂದದ್ದು 4,000. ಅದೂ ಕೊನೇ ಪ್ರತಿ ಮಾರಿದ ದಿನ. ಹೊಸಬರ ಕಥಾಸಂಕಲನದ ಕೊನೇ ಪ್ರತಿ ಯಾವಾಗ ಮಾರುತ್ತದೆ ಅಂತ ಕೇಳಬೇಡಿ. ಗೋಡೌನ್ ಬಾಡಿಗೆ ಈ ಲೆಕ್ಕದಲ್ಲಿ ಇಲ್ಲ.

ಈಗ ನಿಮ್ಮ ಪ್ರಕಾಶಕರು ಕೇಳಿದ ಮೊತ್ತ ನೋಡಿ. 48,000. 500 ಪ್ರತಿಯನ್ನೂ ಅಂಗಡಿಗೆ ಮಾರಿದರೆ ಎಷ್ಟು ಬರುತ್ತಿತ್ತೋ ಅಷ್ಟನ್ನೇ ನಿಮ್ಮಿಂದ ಮೊದಲೇ ತಗೊಂಡಿದ್ದಾರೆ. ಅಂದಮೇಲೆ ಅವರು ಮಾರಲು ಯಾಕೆ ಓಡಾಡುತ್ತಾರೆ? ದುಡ್ಡು ತಗೊಂಡರು ಅನ್ನುವುದಕ್ಕಿಂತ ನನಗೆ ಇದೇ ದೊಡ್ಡ ತೊಂದರೆಯಾಗಿ ಕಾಣುತ್ತದೆ. ನನಗೆ 36,000 ವಾಪಸ್ ಬರಬೇಕಾದರೆ 375 ಪುಸ್ತಕ ಮಾರಲೇಬೇಕು. ಆ ಹೆದರಿಕೆಗೇ ನಾನು ಅಂಗಡಿಗಳಿಗೆ ಫೋನ್ ಮಾಡುತ್ತೇನೆ.

ಮಂಚದ_ಕೆಳಗೆ_290

ನನ್ನ ಹೆಸರು ನೋಡಿದರೆ ಕಥೆ ಗೊತ್ತಾಗುತ್ತದೆ. 2019ರಲ್ಲಿ ಕವನ ಸಂಕಲನ, ಸ್ವಂತ ಪ್ರಕಾಶನ, 500 ಪ್ರತಿ. ಪ್ರಕಾಶನಕ್ಕೆ ಮಗಳ ಹೆಸರು. ಬಿಡುಗಡೆ ದಿನ 70 ಹೋಯಿತು. ಹಿರಿಯರಿಗೆ, ವಿಮರ್ಶಕರಿಗೆ, ನೆಂಟರಿಗೆ ಗೌರವ ಪ್ರತಿ 80. ಅಂಗಡಿಗಳಿಗೆ 60 ಕೊಟ್ಟೆ, "ಮಾರಾಟವಾದ ಮೇಲೆ ದುಡ್ಡು" ಅಂದರು. ದುಡ್ಡೂ ಬರಲಿಲ್ಲ, ಪುಸ್ತಕವೂ ಬರಲಿಲ್ಲ. ಉಳಿದ 290 ಮಂಚದ ಕೆಳಗೆ. ಹೋದ ಮಳೆಗಾಲ ಒಂದು ಕಟ್ಟಿಗೆ ಗೆದ್ದಲು ಹಿಡಿಯಿತು. ಓದಿದವರು ಸಿಕ್ಕರಲ್ಲ ಅಂತ ಹೆಂಡತಿ ನಕ್ಕಳು.

ಬಿಡುಗಡೆ ಸಮಾರಂಭದ ಖರ್ಚನ್ನು ಯಾರೂ ಹೇಳುವುದಿಲ್ಲ. ಹಾಲ್, ಹಾರ, ಶಾಲು, ಅತಿಥಿಗಳ ಕಾರು, ಉಪ್ಪಿಟ್ಟು, ಕೇಸರಿಬಾತ್. ಪುಸ್ತಕಕ್ಕಿಂತ ಉಪ್ಪಿಟ್ಟಿಗೆ ಜನ ಜಾಸ್ತಿ ಇದ್ದರು.

ಮೇಡಂ, ಸ್ವಂತ ಮುದ್ರಣ ತಪ್ಪಲ್ಲ. 500 ಮಾಡಿಸಿದ್ದು ತಪ್ಪು. ನನಗೆ 150 ಸಾಕಿತ್ತು.

ಕೊಡಚಾದ್ರಿ

ಇದಕ್ಕೆಲ್ಲ ಹೆದರಬಾರದು ಸ್ವಾಮಿ. ಹಳೇ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ಅಂತ ಇಟ್ಟುಕೊಂಡು ತಾವೇ ಅಚ್ಚು ಹಾಕಿಸಿದರು. ಕನ್ನಡದಲ್ಲಿ ಲೇಖಕನೇ ಪ್ರಕಾಶಕನಾಗುವುದು ಹೊಸದೇನಲ್ಲ, ಕೀಳೂ ಅಲ್ಲ.

ಸಣ್ಣ_ಪ್ರಕಾಶಕ

ಒಪ್ಪಿದೆ. ಆದರೆ ಕಾರಂತರ ಹೆಸರು ಹೇಳುವವರು ಅವರ ಕೆಲಸವನ್ನೂ ಲೆಕ್ಕ ಹಾಕಬೇಕು. ಹೊರುವುದು ಯಾರು? ಸೊಸೈಟಿ ಕೆಲಸ ಮುಗಿಸಿ, ಮನೆ ನೋಡಿಕೊಂಡು, ಭಾನುವಾರ ಪುಸ್ತಕದ ಚೀಲ ಹೊತ್ತು ಹೋಗಲು ಅವರಿಗೆ ಆಗುತ್ತದಾ? ಆಗುತ್ತದೆ ಅಂದರೆ ಸ್ವಂತ ಪ್ರಕಾಶನ ಒಳ್ಳೆಯದೇ.

ಇನ್ನೊಂದು ಹಳೇ ದಾರಿಯೂ ಇತ್ತು ನೋಡಿ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿದ್ದು ಚಂದಾದಾರರನ್ನು ನಂಬಿ. ಓದುಗರು ಮೊದಲೇ ದುಡ್ಡು ಕಟ್ಟುತ್ತಿದ್ದರು, ಪುಸ್ತಕ ಮನೆಗೆ ಬರುತ್ತಿತ್ತು. ಈಗ ಫೇಸ್‌ಬುಕ್‌ನಲ್ಲಿ "ಮುಂಗಡ ಬುಕಿಂಗ್" ಅಂತ ಹಾಕುತ್ತಾರಲ್ಲ, ಅದು ಅದರ ಮೊಮ್ಮಗ.

ಕಲಂ_19

ನಾನು ವಕೀಲ. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಸಹಿ ಹಾಕುವ ಮುಂಚೆ ಮಾತ್ರ ಇದನ್ನು ಓದಿ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಥೆ ಬರೆದ ಗಳಿಗೆಯಿಂದ ಹಕ್ಕು ನಿಮ್ಮದು. ಎಲ್ಲೂ ನೋಂದಾಯಿಸಬೇಕಾಗಿಲ್ಲ. ನಿಮ್ಮ ಜೀವನಪೂರ್ತಿ, ಆಮೇಲೆ 60 ವರ್ಷ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲೇ ಇರಬೇಕು, ನಿಮ್ಮ ಸಹಿ ಇರಬೇಕು. ಫೋನಿನಲ್ಲಿ ಆಡಿದ ಮಾತಿಗೆ ಬೆಲೆ ಇಲ್ಲ. ಇದು ನಿಮಗೂ ಒಳ್ಳೆಯದೇ.

19ನೇ ಕಲಂ ನನಗೆ ಇಷ್ಟ, ಅದಕ್ಕೇ ಈ ಹೆಸರು. ಎಷ್ಟು ವರ್ಷಕ್ಕೆ ಅಂತ ಒಪ್ಪಂದದಲ್ಲಿ ಬರೆಯದಿದ್ದರೆ 5 ವರ್ಷ ಅಂತ ಕಾನೂನು ತಿಳಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಆ ಹಕ್ಕು ನಿಮಗೇ ವಾಪಸ್. ಹಸ್ತಪ್ರತಿ ತಗೊಂಡು ಮೂರು ವರ್ಷ ಬೀರುವಿನಲ್ಲಿ ಇಟ್ಟುಕೊಂಡವರ ಮೇಲೆ ಈ ಒಂದು ಸಾಲು ಎಷ್ಟೋ ಸಲ ಕೆಲಸ ಮಾಡಿದೆ.

"ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ" ಅಂತ ಇದ್ದರೆ ಎದ್ದು ಬನ್ನಿ. ಕಾಗದದ ಪುಸ್ತಕದ ಹಕ್ಕು ಮಾತ್ರ ಕೊಡಿ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಒಂದೊಂದೂ ಬೇರೆ ಬೇರೆ. ನಮ್ಮಲ್ಲಿ ಬಹಳ ಜನ ಒಪ್ಪಂದ ಕೇಳಿದರೆ ಪ್ರಕಾಶಕರು ಬೇಜಾರಾಗ್ತಾರೆ ಅಂತ ಸುಮ್ಮನಿರುತ್ತಾರೆ. ಆಗಲಿ ಬಿಡಿ.

ಧಾರಾವಾಹಿ_ದಿನಾಲೂ

ಪ್ರತಿಲಿಪಿಯಲ್ಲಿ ಬರೆಯುವವಳು ನಾನು. ಸುಮ್ನೆ ಅಲ್ಲಿಗೆ ಹಾಕು ಅಂದ ನಿಮ್ಮ ಗೆಳತಿ ಅರ್ಧ ಸರಿ. ಅಲ್ಲಿ ಓದುಗರು ನಿಜವಾಗಿ ಇದ್ದಾರೆ, ರಾತ್ರಿ ಹನ್ನೊಂದಕ್ಕೆ "ಮುಂದಿನ ಕಂತು ಯಾವಾಗ ಅಕ್ಕಾ" ಅಂತ ಕೇಳುತ್ತಾರೆ. ಆದರೆ ಅವರಿಗೆ ಬೇಕಾದದ್ದು ಧಾರಾವಾಹಿ, ದಿನಾಲೂ ಒಂದು ಕಂತು. ಒಂದೊಂದು ಕಥೆಗೆ ವರ್ಷ ತಗೊಳ್ಳುವ ನಿಮ್ಮಂಥವರಿಗೆ ಅದು ಬೇರೆ ಊರು.

ಒಂದು ಎಚ್ಚರಿಕೆ. ಕಥಾಸ್ಪರ್ಧೆಗಳು "ಎಲ್ಲೂ ಪ್ರಕಟವಾಗಿರಬಾರದು" ಅಂದಾಗ ಬಹಳ ಸಲ ಜಾಲತಾಣ, ಬ್ಲಾಗ್, ಫೇಸ್‌ಬುಕ್ ಎಲ್ಲ ಸೇರಿಯೇ ಹೇಳುತ್ತಾರೆ. ನಾನು ನನ್ನ ಒಳ್ಳೆಯ ಕಥೆಯನ್ನು ಅವಸರಕ್ಕೆ ಆ್ಯಪಿಗೆ ಹಾಕಿ, ಆಮೇಲೆ ದೀಪಾವಳಿ ಸ್ಪರ್ಧೆಗೆ ಕಳಿಸಲಾಗದೆ ಕೈ ಕೈ ಹಿಸುಕಿಕೊಂಡೆ.

ಬೆನ್ನುಡಿ

ಯಾರೂ ಸ್ಪರ್ಧೆಯ ದಾರಿ ಹೇಳಲೇ ಇಲ್ಲವಲ್ಲ. ಇನ್ನೂ ಸಂಕಲನ ಬರದ ಕಥೆಗಾರರ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದವರು ಬಹುಮಾನ ಇಟ್ಟಿದ್ದಾರೆ. ಗೆದ್ದರೆ ಅವರೇ ಪುಸ್ತಕ ಮಾಡುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಟೊಟೊ ಪುರಸ್ಕಾರ ಇದೆ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಇದೆ.

ಮಲೆನಾಡಮಳೆ

ಬೆನ್ನುಡಿಯವರೇ, ನೀವು ಹೇಳಿದ್ದನ್ನೆಲ್ಲ ನೋಡಿದೆ. ಟೊಟೊ ಮೂವತ್ತರ ಒಳಗಿನವರಿಗೆ. ಯುವ ಪುರಸ್ಕಾರ ಮೂವತ್ತೈದರ ಒಳಗೆ. ಚೊಚ್ಚಲ ಕೃತಿ ಯೋಜನೆಗೂ ವಯಸ್ಸಿನ ಮಿತಿ. ಹೊಸ ಲೇಖಕಿ ಅಂದರೆ ಸಣ್ಣ ವಯಸ್ಸಿನವಳು ಅಂತ ಯಾರು ಹೇಳಿದ್ದು? ನಾನು ಮೂವತ್ತರಲ್ಲಿ ಇದ್ದಾಗ ಎರಡು ಮಕ್ಕಳಿಗೆ ಊಟ ಮಾಡಿಸುತ್ತಿದ್ದೆ. ಆಗ ಕಥೆ ತಲೆಯಲ್ಲೇ ಇತ್ತು, ಕಾಗದದ ಮೇಲೆ ಇರಲಿಲ್ಲ.

ಬೇಜಾರಿನಿಂದ ಹೇಳಿದ್ದಲ್ಲ. ಸರಿ, ಸ್ವಲ್ಪ ಬೇಜಾರಿನಿಂದಲೇ.

ಬೆನ್ನುಡಿ

ಕ್ಷಮಿಸಿ ಮೇಡಂ, ನೀವು ಮೊದಲ ಸಾಲಿನಲ್ಲೇ ವಯಸ್ಸು ಹೇಳಿದ್ದಿರಿ, ನಾನು ಮರೆತೆ. ಪತ್ರಿಕೆಯವರ ಕಥಾಸ್ಪರ್ಧೆ ಬಿಡಬೇಡಿ. ಸಂಪಾದಕರೂ ಪ್ರಕಾಶಕರೂ ಹೊಸ ಹೆಸರು ಹುಡುಕುವುದು ಅಲ್ಲೇ. ಹಸ್ತಪ್ರತಿ ಬಹುಮಾನದ ಈ ಸಲದ ಪ್ರಕಟಣೆಯನ್ನೂ ಸರಿಯಾಗಿ ಓದಿ.

ಪುಸ್ತಕದಂಗಡಿ_ಶಿವಮೊಗ್ಗ

ನಾನು ಕೌಂಟರಿನ ಈ ಕಡೆಯವನು. ಮಂಚದ ಕೆಳಗೆಯವರು ಹೇಳಿದ ಹಾಗೆ ಅಂಗಡಿಗಳು ದುಡ್ಡು ಕೊಡದೇ ಇರುವುದುಂಟು, ನನಗೂ ನಾಚಿಕೆಯೇ. ಆದರೆ ನಮ್ಮ ಕಷ್ಟ ಒಂದು ಮಾತು. ಒಬ್ಬೊಬ್ಬ ಲೇಖಕರೂ ಐದೈದು ಪ್ರತಿ ಕೊಟ್ಟು ಹೋದರೆ ಅಂಥ ನೂರು ಜನರ ಲೆಕ್ಕ ಇಡಬೇಕು. ಬಿಲ್ ಕೊಡದವರೇ ಜಾಸ್ತಿ. ಎರಡು ಪ್ರತಿ ಬಿಲ್ ಬರೆಯಿರಿ, ಒಂದರ ಮೇಲೆ ಅಂಗಡಿಯ ಸೀಲು, ಸಹಿ ಹಾಕಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಬನ್ನಿ. ಬಂದವರಿಗೆ ದುಡ್ಡು ಸಿಗುತ್ತದೆ.

ಹೊಸಬರ ಪುಸ್ತಕ ಯಾರು ಕೇಳಿಕೊಂಡು ಬರುತ್ತಾರೆ ಗೊತ್ತಾ? ಲೇಖಕರ ಊರಿನವರು, ಅವರ ಶಾಲೆಯ ಮೇಷ್ಟ್ರು, ಪತ್ರಿಕೆಯಲ್ಲಿ ಕಥೆ ಓದಿದವರು. ಬೆಂಗಳೂರಿನ ಬಿಡುಗಡೆಯಿಂದ ಸಾಗರದ ಲೇಖಕಿಗೆ ಏನು ಸಿಗುತ್ತದೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನಿಮ್ಮ ಮೊದಲ ನೂರು ಓದುಗರು ಯಾರು ಅಂತ ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. "ಕನ್ನಡ ಓದುಗರು" ಅಂತ ಬರೆಯಬೇಡಿ, ಹೆಸರು ಬರೆಯಿರಿ. ದಾರಿ ಯಾವುದು ಅಂತ ಆ ಹಾಳೆಯೇ ಹೇಳುತ್ತದೆ.

ಬೇಏರಿಯಾ_ಕನ್ನಡಿಗ

ಆ ಹಾಳೆಯಲ್ಲಿ ನಮ್ಮಂಥವರಿಗೂ ಒಂದು ಸಾಲು ಇಡಿ. ಅಮೆರಿಕಕ್ಕೆ ಒಂದು ಪುಸ್ತಕ ತರಿಸಿದರೆ ಅಂಚೆ ಖರ್ಚೇ ಪುಸ್ತಕಕ್ಕಿಂತ ಜಾಸ್ತಿ. ಇ-ಪುಸ್ತಕ ಇದ್ದರೆ ಇವತ್ತೇ ಓದುತ್ತೇವೆ. 2016ರಲ್ಲಿ ಅಮೆಜಾನ್‌ನ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂತು, ಕನ್ನಡ ಬರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಕೊಳ್ಳುತ್ತೇನೆ, ಮೈಲ್ಯಾಂಗ್ ಆ್ಯಪ್‌ನಲ್ಲೂ.

ಗದಗ_ಡಿಟಿಪಿ

ಇ-ಪುಸ್ತಕದ ಮಾತು ಬಂತಲ್ಲ, ನನ್ನ ಹೊಟ್ಟೆಯುರಿ ಇಲ್ಲಿ ಕಾರಿಕೊಳ್ತೀನಿ. ಹಳೇ ನುಡಿ, ಬರಹ ಫಾಂಟಿನಲ್ಲಿ ಪುಟ ಕಟ್ಟಿದ ಪುಸ್ತಕಗಳು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಚಿಹ್ನೆ. ಅದನ್ನು ಯೂನಿಕೋಡಿಗೆ ಬದಲಾಯಿಸಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಮತ್ತೆ ಮೊದಲಿಂದ ಕರಡು ತಿದ್ದಬೇಕು. ಎಷ್ಟೋ ಲೇಖಕರು ಎರಡನೇ ಮುದ್ರಣಕ್ಕೆ ಬರ್ತಾರ, ಕೈಯಲ್ಲಿ ಪಿಡಿಎಫ್ ಕೂಡ ಇರೋದಿಲ್ಲ. ಮೊದಲು ಮಾಡಿದ ಡಿಟಿಪಿ ಅಂಗಡಿ ಮುಚ್ಚಿ ಹೋಗಿರ್ತದ, ಅಲ್ಲೀಗ ಮೊಬೈಲ್ ರಿಪೇರಿ.

ಅದಕ್ಕೆ ಯಾವ ದಾರಿ ಹಿಡಿದರೂ ಯೂನಿಕೋಡ್‌ನಲ್ಲೇ ಮಾಡಿಸ್ರಿ. ಕೆಲಸ ಮುಗಿದ ದಿನವೇ ಮೂಲ ಫೈಲು, ಮುಖಪುಟದ ಫೈಲು, ಪಿಡಿಎಫ್ ಮೂರೂ ಪೆನ್‌ಡ್ರೈವ್‌ಗೆ ಹಾಕಿಸ್ಕೊಳ್ರಿ. ಆಮೇಲೆನೇ ಕೊನೇ ಕಂತು ದುಡ್ಡು ಕೊಡ್ರಿ. ನನ್ನ ಗಿರಾಕಿಗಳಿಗೂ ಇದನ್ನೇ ಹೇಳ್ತೀನಿ.

ಕರಡು ತಿದ್ದೋದಕ್ಕೆ ಬೇರೆಯವರನ್ನು ಹಿಡೀರಿ. ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣೋದಿಲ್ಲ.

ಓದುಗ_ಹಾಸನ

ಐಎಸ್‌ಬಿಎನ್ "ಕೊಡಿಸುತ್ತೇವೆ" ಅಂತ ಅವರು ಹೇಳಿದ್ದಾರಲ್ಲ, ಅದಕ್ಕೆ ಎಷ್ಟು ಹಾಕಿದ್ದಾರೆ ನೋಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಬಿಟ್ಟಿಯಾಗಿ ಕೊಡುತ್ತದೆ. ಸ್ವಂತ ಪುಸ್ತಕ ಮಾಡುವ ಲೇಖಕರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ನನ್ನ ತಮ್ಮನ ಹತ್ತಿರ ಒಬ್ಬರು ಇದಕ್ಕೇ 3,000 ಕಿತ್ತುಕೊಂಡಿದ್ದರು.

ಮಂಚದ_ಕೆಳಗೆ_290

ಓದುಗ ಹಾಸನದವರೇ, ಕೊನೆಗೂ ಒಂದಕ್ಕಿಂತ ಜಾಸ್ತಿ ಪದ ಬರೆದಿರಿ.

ಗ್ರಂಥಾಲಯಕ್ಕೆ ಹೋಗುತ್ತದೆ ಅನ್ನುವ ಆಸೆಯನ್ನೂ ಆ ಪ್ರಕಾಶಕರು ತೋರಿಸಿರಬೇಕು, ಅಲ್ವಾ ಮೇಡಂ?

ಮಲೆನಾಡಮಳೆ

ಹೌದು. "300 ಪ್ರತಿ ಲೈಬ್ರರಿಗೆ ಗ್ಯಾರಂಟಿ" ಅಂದರು. ನಿಮಗೆ ಹೇಗೆ ಗೊತ್ತು?

ಸಣ್ಣ_ಪ್ರಕಾಶಕ

ಎಲ್ಲರಿಗೂ ಅದನ್ನೇ ಹೇಳುತ್ತಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುವುದು ನಿಜ. ಕನ್ನಡದ ಪ್ರಕಾಶನ ಬಹುಮಟ್ಟಿಗೆ ನಿಂತಿರುವುದೂ ಅದರ ಮೇಲೆಯೇ. ಆದರೆ ಆಯ್ಕೆ ಸಮಿತಿ ಇದೆ, ಅರ್ಜಿ ಹಾಕಬೇಕು, ಸಿಗಬಹುದು, ಸಿಗದೇ ಇರಬಹುದು. ಗ್ಯಾರಂಟಿ ಕೊಡಲು ಯಾವ ಪ್ರಕಾಶಕನಿಗೂ ಸಾಧ್ಯವಿಲ್ಲ. ಒಂದು ವೇಳೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ದುಡ್ಡಿನಲ್ಲಿ ಅಚ್ಚಾದ 300 ಪ್ರತಿಯ ಹಣ ಯಾರಿಗೆ ಹೋಗುತ್ತದೆ ಅಂತ ಅವರನ್ನೇ ಕೇಳಿ ನೋಡಿ.

ಕಾಫಿತೋಟ

ನಾನು ಹೋದ ವರ್ಷ ಮೊದಲ ಪುಸ್ತಕ ಮಾಡಿದೆ, ಲಲಿತ ಪ್ರಬಂಧ, 120 ಪುಟ. ಎರಡು ಪ್ರಕಾಶಕರಿಗೆ ಕಳಿಸಿ ಎಂಟು ತಿಂಗಳು ಕಾದೆ. ಒಬ್ಬರು ಚೆನ್ನಾಗಿದೆ, ಈ ವರ್ಷದ ಪಟ್ಟಿ ತುಂಬಿದೆ ಅಂದರು. ಇನ್ನೊಬ್ಬರಿಂದ ಉತ್ತರ ಇಲ್ಲ. ಆಮೇಲೆ ಡಿಜಿಟಲ್ ಪ್ರೆಸ್ಸಿನಲ್ಲಿ ಬರೀ 150 ಪ್ರತಿ ಮಾಡಿಸಿದೆ. ಪ್ರತಿಗೆ 95 ಬಿತ್ತು, ಜಾಸ್ತಿ ಪ್ರತಿಗೆ ಬಳಸುವ ಆಫ್‌ಸೆಟ್ ಮುದ್ರಣಕ್ಕಿಂತ ದುಬಾರಿ. ಆದರೆ ಒಟ್ಟು 14,250ಕ್ಕೆ ಮುಗಿಯಿತು. ಮೊದಲೇ ವಾಟ್ಸಾಪ್‌ನಲ್ಲಿ ಕೇಳಿ 88 ಜನರಿಂದ ದುಡ್ಡು ಹಾಕಿಸಿಕೊಂಡಿದ್ದೆ. ಐದು ತಿಂಗಳಿಗೆ ಖಾಲಿ. ಆಮೇಲೆ ಇನ್ನೂ 100.

ಬೇಡಿಕೆ ಬಂದಾಗ ಒಂದೊಂದೇ ಅಚ್ಚು ಹಾಕುವ ಕಂಪನಿಗಳೂ ಇವೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದ ಇದನ್ನೇ ಮಾಡುತ್ತಿದೆ. ಮನೆಯಲ್ಲಿ ಒಂದು ಪ್ರತಿಯನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಬೆಲೆ ಜಾಸ್ತಿ ಇಡಬೇಕಾಗುತ್ತದೆ, ಅಷ್ಟೇ.

ಅಂಚೆಯ ವಿಷಯ. ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ನಮಗೆಲ್ಲ ದಿಕ್ಕೇ ತೋಚಲಿಲ್ಲ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿಮ್ಮ 128 ಪುಟದ ಪುಸ್ತಕ ಕವರು ಸೇರಿ 200 ಗ್ರಾಂ ದಾಟುವುದು ಕಷ್ಟ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಕೌಂಟರಿನವರಿಗೆ ಕೆಲವೊಮ್ಮೆ ನಾವೇ ನೆನಪಿಸಬೇಕು.

ಕೊಡಚಾದ್ರಿ

150 ಪ್ರತಿಯ ಪುಸ್ತಕ ಪುಸ್ತಕವೇ? ಮದುವೆ ಕಾರ್ಡು ಅದಕ್ಕಿಂತ ಜಾಸ್ತಿ ಹೊಡೆಸುತ್ತಾರೆ.

ಕಾಫಿತೋಟ

ಮದುವೆ ಕಾರ್ಡು ಯಾರೂ ದುಡ್ಡು ಕೊಟ್ಟು ತಗೊಳ್ಳುವುದಿಲ್ಲ ಸಾರ್.

ಮಲೆನಾಡಮಳೆ

ನಾಲ್ಕು ದಿನ ಇಲ್ಲಿಗೆ ಬರಲಾಗಲಿಲ್ಲ, ಸೊಸೈಟಿಯಲ್ಲಿ ಆಡಿಟ್ ಇತ್ತು. ಆದರೂ ರಾತ್ರಿ ಕೂತು ಶಿವಮೊಗ್ಗದವರು ಹೇಳಿದ ಹಾಳೆ ಬರೆದೆ. ನೂರು ಆಗಲಿಲ್ಲ, 63 ಆಯಿತು. ಅದರಲ್ಲಿ 21 ಜನ ಗೌರವ ಪ್ರತಿ ಬಯಸುವವರು, ಅಂದರೆ ನಮ್ಮ ನೆಂಟರು. ಹೊಡೆದು ಹಾಕಿದೆ. ಉಳಿದ 42ರಲ್ಲಿ ಬೆಂಗಳೂರಿನವರು ನಾಲ್ಕೇ ಜನ. ಹೆಚ್ಚಿನವರು ಸಾಗರ, ಸೊರಬ, ಹೊಸನಗರ. ಒಬ್ಬ ಓದುಗರು ಮಾತ್ರ ವಿಜಯಪುರದವರು. ಪತ್ರಿಕೆಯಲ್ಲಿ ಕಥೆ ಓದಿ ಅಂಚೆ ಕಾರ್ಡು ಬರೆದಿದ್ದರು, ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

42 ಹೆಸರು ಇಟ್ಟುಕೊಂಡು 500 ಪ್ರತಿಗೆ ಚೆಕ್ ಬರೆಯುವಷ್ಟು ಲೆಕ್ಕ ಬರದವಳೇನಲ್ಲ ನಾನು. ಪ್ರಕಾಶಕರಿಗೆ ಬೇಡ ಅಂತ ಹೇಳಿದೆ. ಅರ್ಧ ಗಂಟೆಗೆ ಮತ್ತೆ ಫೋನ್. "ಹಬ್ಬಕ್ಕೆ ಅಂತ 38,000ಕ್ಕೆ ಮಾಡಿಕೊಡ್ತೀವಿ." ಈ ಸಲ ನನಗೇ ಲೈನ್ ಸರಿಯಾಗಿ ಕೇಳಿಸಲಿಲ್ಲ.

ಈಗ ಯೋಚನೆ ಹೀಗಿದೆ. ಪ್ರಕಟವಾಗದ ಎಂಟರಲ್ಲಿ ಎರಡನ್ನು ಪತ್ರಿಕೆಗಳ ಸ್ಪರ್ಧೆಗೆ. ಪೂರ್ತಿ ಕಟ್ಟು ಹಸ್ತಪ್ರತಿ ಬಹುಮಾನಕ್ಕೆ, ಷರತ್ತು ಓದಿಕೊಂಡು. ಆಗಲಿಲ್ಲ ಅಂದರೆ ಮುಂದಿನ ಮಳೆಗಾಲ ಕಳೆದ ಮೇಲೆ 150 ಪ್ರತಿ, ಬಿಡುಗಡೆ ಇಲ್ಲೇ ನಮ್ಮ ಶಾಲೆಯಲ್ಲಿ. ಉಪ್ಪಿಟ್ಟು ಇರುತ್ತದೆ, ಕೇಸರಿಬಾತ್ ಇಲ್ಲ.

ಒಂದು ಪ್ರಶ್ನೆ ಉಳಿದಿದೆ, ಗದಗದ ಅಣ್ಣನವರಿಗೆ. ಹಾಳೆ ಬರೆಯುವಾಗ ಕಥೆಗಳನ್ನು ಮತ್ತೆ ಓದಿದೆ. ಹನ್ನೊಂದನೆಯದು ಯಾಕೋ ಹಳಸಿದ ಹಾಗಿದೆ. ಅದನ್ನು ತೆಗೆದರೆ 114 ಪುಟ ಬರುತ್ತದೆ. ಪ್ರೆಸ್ಸಿನವರಿಗೆ ತೊಂದರೆಯಾ?

ಗದಗ_ಡಿಟಿಪಿ

ತೆಗೀರಿ. ಆಫ್‌ಸೆಟ್‌ನಲ್ಲಿ ಒಂದು ಫಾರಂ ಅಂದರೆ 16 ಪುಟ. 112 ಅಂದರೆ ಸರಿಯಾಗಿ 7 ಫಾರಂ. 114 ಆದರೆ ಎರಡು ಪುಟಕ್ಕೆ ಸುಮ್ನೆ ಕಾಗದ ದಂಡ. ಡಿಜಿಟಲ್‌ನಲ್ಲಿ ಆ ಕಟ್ಟುನಿಟ್ಟು ಇಲ್ಲ, ಆದರೆ ಮುಂದೆ 500 ಮಾಡಿಸೋ ಕಾಲ ಬಂದರೆ ಅದೇ ಫೈಲ್ ಉಪಯೋಗಕ್ಕೆ ಬರ್ತದ. ಮುನ್ನುಡಿ ಬರೆಯೋರಿಗೆ ಎರಡು ಪುಟ ಕಮ್ಮಿ ಬರೀರಿ ಅಂತ ಹೇಳ್ರಿ.

ಮಲೆನಾಡಮಳೆ

ಮುನ್ನುಡಿ ಯಾರ ಹತ್ತಿರ ಬರೆಸುವುದು ಅಂತ ಬೇರೆ ಚರ್ಚೆ ಶುರು ಮಾಡುತ್ತೇನೆ.

ಸಣ್ಣ_ಪ್ರಕಾಶಕ

ಮಾಡಿ. ಅಲ್ಲಿಗೂ ಬೈಸಿಕೊಳ್ಳಲು ಬರುತ್ತೇನೆ. ಅದಿರಲಿ, ಆ ಹಳಸಿದ್ದು ಬಿಟ್ಟು ಉಳಿದದ್ದರಲ್ಲಿ ಎರಡು ಕಥೆ ನನಗೊಮ್ಮೆ ಕಳಿಸಿ. ಮಾತು ಕೊಡುವುದಿಲ್ಲ, ಓದುತ್ತೇನೆ. ಯಾವ ಕಥೆ ಓದಿದೆ ಅಂತ ಹೆಸರು ಸಮೇತ ಹೇಳುತ್ತೇನೆ.